ಗೆಲ್ಲುವ ತಂಡದಲ್ಲಿ ಹೊಸಬನಿಗೊಂದು ಜಾಗ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾನು ಊರಿನ ಶಾಸನದ ಬಗ್ಗೆಯೋ ಕೆರೆಯ ಇತಿಹಾಸದ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದರು. ಇತಿಹಾಸ ಪಾಠ ಮಾಡಿದವನಿಂದ ಅದನ್ನೇ ನಿರೀಕ್ಷಿಸುವುದು ಸಹಜ. ಆದರೆ ಇಲ್ಲಿ ಮೂರು ವರ್ಷ ವಿದ್ಯಾರ್ಥಿಯಾಗಿ, ಆಮೇಲೆ ಹದಿಮೂರು ವರ್ಷ ಸಮಾಜ ವಿಜ್ಞಾನದ ಶಿಕ್ಷಕನಾಗಿ ಇದ್ದ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಒಂದು ಲೆಕ್ಕ ಬಾಕಿ ಉಳಿದಿದೆ. ಅದು ಕ್ರಿಕೆಟ್ಟಿಗೆ ಸಂಬಂಧಿಸಿದ್ದು. ಅದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಆದ್ದರಿಂದ ಓದುಗರು ಕ್ಷಮಿಸಬೇಕು. ಈ ಸಲ ಶಾಸನ ಬಿಟ್ಟು ಸ್ಕೋರು ಪುಸ್ತಕ ತೆರೆಯುತ್ತಿದ್ದೇನೆ.

ನಾನು ಈ ಶಾಲೆಯ ಎಂಟನೇ ತರಗತಿಗೆ ಸೇರಿದ್ದು 1979ರಲ್ಲಿ. ಆಗ ವಿಜ್ಞಾನದ ಮೇಷ್ಟ್ರ ಬಳಿ ಒಂದು ಟ್ರಾನ್ಸಿಸ್ಟರ್ ಇತ್ತು. ಪಂದ್ಯ ಇದ್ದ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಡುತ್ತಿದ್ದರು. ಹೊರಗೆ ನಾವು ಕಿವಿ ನಿಮಿರಿಸಿ ನಿಲ್ಲುತ್ತಿದ್ದೆವು. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಇಂಗ್ಲಿಷು ಕಾಲು ಭಾಗ. ವಿಶ್ವನಾಥ್ ಎಂಬ ಹೆಸರು ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ಭದ್ರಾವತಿಯಲ್ಲಿ ಹುಟ್ಟಿದ, ನಮ್ಮ ಹಾಗೆಯೇ ಕುಳ್ಳಗಿನ ಒಬ್ಬರು ದೇಶಕ್ಕೆ ಆಡುತ್ತಾರೆ ಎಂಬುದೇ ನಮಗೆ ದೊಡ್ಡ ಧೈರ್ಯ. 1980ರ ಫೆಬ್ರವರಿಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕಾಗಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಒಂದು ಟೆಸ್ಟ್ ನಡೆಯಿತು. ನಾಯಕರು ವಿಶ್ವನಾಥ್. ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ಓಟಗಳ ಜೊತೆಯಾಟ ಆಡಿದರು, ಭಾರತ ಸೋತಿತು. ಆದರೂ ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಹೇಳಿದ್ದು ಆ ಸೋಲಿನ ಕಥೆಯನ್ನೇ. ಅಂದಿನಿಂದ ಕ್ರಿಕೆಟ್ ನನಗೆ ಬರೀ ಆಟವಾಗಿ ಉಳಿಯಲಿಲ್ಲ, ಪಾಠವೂ ಆಯಿತು.

ನನ್ನ ತಪ್ಪು

1994ರಲ್ಲಿ ಶಿಕ್ಷಕನಾಗಿ ಇದೇ ಶಾಲೆಗೆ ಬಂದೆ. ಇಲಾಖೆಯ ಕ್ರೀಡಾಕೂಟಗಳಲ್ಲಿ ನಮ್ಮ ಮಕ್ಕಳು ಆಡುತ್ತಿದ್ದುದು ಕಬಡ್ಡಿ, ಖೋ ಖೋ, ವಾಲಿಬಾಲ್. ಕ್ರಿಕೆಟ್ಟಿಗೆ ಅಲ್ಲಿ ಜಾಗ ಇರಲಿಲ್ಲ. ಆದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಸುತ್ತಲಿನ ನಾಲ್ಕು ಪ್ರೌಢಶಾಲೆಗಳ ಹುಡುಗರು ಸೇರಿ ಟೆನಿಸ್ ಬಾಲಿನಲ್ಲಿ ಹನ್ನೆರಡು ಓವರಿನ ಪಂದ್ಯಗಳನ್ನು ಆಡುತ್ತಿದ್ದರು. ನೀರು ಇಳಿದ ಕೆರೆಯಂಗಳವೇ ಮೈದಾನ. ಆಡಲು ಬಾರದಿದ್ದರೂ ಆಟದ ಹುಚ್ಚು ಇದ್ದ ನಾನೇ ನಮ್ಮ ತಂಡದ ಉಸ್ತುವಾರಿ.

1998ರ ಜನವರಿಯಲ್ಲಿ ನಾವು ಗೆದ್ದೆವು. ಮರುವರ್ಷವೂ ಗೆದ್ದೆವು. ಹನ್ನೊಂದು ಜನರಲ್ಲಿ ಹತ್ತು ಮಂದಿ ಒಂದೇ ಬ್ಯಾಚಿನವರು. ಮೊದಲ ಗೆಲುವಿನ ವೇಳೆ ಒಂಬತ್ತನೇ ತರಗತಿ, ಎರಡನೆಯದರಲ್ಲಿ ಹತ್ತನೇ ತರಗತಿ. ಅವರಿಗಿಂತ ಒಂದು ವರ್ಷ ಚಿಕ್ಕವನಾದ ಹುಡುಗನೊಬ್ಬ ಪಕ್ಕದ ಹಟ್ಟಿಯಿಂದ ನಡೆದು ಬರುತ್ತಿದ್ದ. ಸಂಜೆ ಅಭ್ಯಾಸದಲ್ಲಿ ಅವನು ಬರಿಗಾಲಲ್ಲಿ ಓಡಿ ಬಂದು ಹಾಕುತ್ತಿದ್ದ ಚೆಂಡನ್ನು ನಮ್ಮ ದೊಡ್ಡ ಹುಡುಗರೇ ಆಡಲು ಹೆಣಗುತ್ತಿದ್ದರು. ಆದರೆ ಪಂದ್ಯದ ದಿನ ಅವನ ಕೆಲಸ ಎರಡು: ಬಿಂದಿಗೆಯಲ್ಲಿ ನೀರು ತರುವುದು, ನೋಟ್ ಬುಕ್ಕಿನಲ್ಲಿ ಸ್ಕೋರು ಬರೆಯುವುದು. ಎರಡು ವರ್ಷ ಅದನ್ನೇ ಮಾಡಿದ. ಎರಡನೆಯ ವರ್ಷ ಮೊದಲ ಪಂದ್ಯ ತೀರ ದುರ್ಬಲ ತಂಡದ ಮೇಲಿತ್ತು. ನಮ್ಮ ಕ್ಯಾಪ್ಟನ್ ಹುಡುಗನೇ ಬಂದು, ‘ಸಾರ್, ಇವತ್ತು ಇವನನ್ನ ಆಡ್ಸೋಣ, ನಾನು ಬೇಕಾದ್ರೆ ಕೂತ್ಕೋತೀನಿ’ ಅಂದ. ನಾನು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: ‘ಗೆಲ್ಲೋ ಟೀಮನ್ನ ಮುಟ್ಟಬಾರದು ಕಣೋ.’

2000ದ ಜನವರಿಗೆ ಆ ಹತ್ತೂ ಮಂದಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದರು. ಹೊಸ ಹನ್ನೊಂದರಲ್ಲಿ ಒಬ್ಬನನ್ನು ಬಿಟ್ಟರೆ ಯಾರೂ ಜನರ ಮುಂದೆ ಒಂದು ಚೆಂಡನ್ನೂ ಆಡಿದವರಲ್ಲ. ಮೊದಲ ಪಂದ್ಯದಲ್ಲೇ 37ಕ್ಕೆ ಎಲ್ಲರೂ ಔಟ್. ಸ್ಕೋರು ಬರೆಯುತ್ತಿದ್ದ ಹುಡುಗ ಈಗ ನಮ್ಮ ಮುಖ್ಯ ಬೌಲರ್. ಮೊದಲ ಓವರಿನಲ್ಲಿ ಸಾಲಾಗಿ ಮೂರು ವೈಡ್ ಹಾಕಿದ. ಕೈ ನಡುಗುತ್ತಿದ್ದುದು ದಡದ ಮೇಲಿದ್ದ ನಮಗೂ ಕಾಣುತ್ತಿತ್ತು. ಪಂದ್ಯ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಬಳಿ ತಲೆ ತಗ್ಗಿಸಿ ನಿಂತು ಅವನು ಹೇಳಿದ್ದು ಒಂದೇ ಮಾತು: ‘ಸಾರ್, ಹೋದ ವರ್ಷ ಒಂದು ಓವರ್ ಕೊಟ್ಟಿದ್ರೆ ಹೆದರಿಕೆ ಹೋಗಿರೋದು.’

ನನಗೆ ಉತ್ತರ ತೋಚಲಿಲ್ಲ. ಅದೇ ತಿಂಗಳು ಶ್ರೀಲಂಕಾದಲ್ಲಿ ಮಹಮ್ಮದ್ ಕೈಫ್ ನಾಯಕತ್ವದ ಭಾರತದ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದರು. ಪತ್ರಿಕೆಯಲ್ಲಿ ಆ ಚಿತ್ರ ನೋಡುತ್ತಾ ನನ್ನ ಹುಡುಗನ ಮಾತು ನೆನಪಾಯಿತು. ಗೆಲ್ಲುವ ತಂಡ ಹೊಸಬನಿಗೆ ಜಾಗ ಕೊಡಬೇಕೆ, ಯಾವಾಗ ಕೊಡಬೇಕು, ಹೇಗೆ ಕೊಡಬೇಕು? ಅಂದಿನಿಂದ ಇಪ್ಪತ್ತೈದು ವರ್ಷ ಈ ಪ್ರಶ್ನೆಯನ್ನು ಹಿಡಿದುಕೊಂಡೇ ಕ್ರಿಕೆಟ್ಟಿನ ಇತಿಹಾಸ ಓದಿದ್ದೇನೆ. ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಹಳಬರ ಪಕ್ಕದಲ್ಲಿ ಹೊಸಬರು

ಮೊದಲು ನಮ್ಮ ವಿಶ್ವನಾಥ್ ಅವರಿಂದಲೇ ಆರಂಭಿಸೋಣ. 1967ರಲ್ಲಿ ಮೈಸೂರು ರಾಜ್ಯದ ಪರ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಅವರು 230 ಓಟ ಗಳಿಸಿದರು. ಎರಡು ವರ್ಷಗಳ ನಂತರ, ವಿಜಯ್ ಮರ್ಚೆಂಟ್ ಅಧ್ಯಕ್ಷರಾಗಿದ್ದ ಆಯ್ಕೆ ಸಮಿತಿ ಎಳೆಯರ ಕಡೆ ಕಣ್ಣು ಹಾಯಿಸಿದಾಗ, ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡುವ ಅವಕಾಶ ಸಿಕ್ಕಿತು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಸೊನ್ನೆಗೆ ಔಟಾಗಿ ಬಂದ ಹುಡುಗನಿಗೆ ನಾಯಕ ಪಟೌಡಿಯವರು ಹೇಳಿದ ಸಮಾಧಾನದ ಮಾತನ್ನು ವಿಶ್ವನಾಥ್ ಮುಂದೆ ಹಲವು ಸಲ ನೆನೆದಿದ್ದಾರೆ. ಒಂದು ಸೊನ್ನೆಗೆ ಅವಕಾಶ ಮುಗಿಯಲಿಲ್ಲ. ಅವರು 91 ಟೆಸ್ಟ್ ಆಡಿ 14 ಶತಕ ಗಳಿಸಿದರು. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

1971ರಲ್ಲಿ ಮರ್ಚೆಂಟ್ ಅವರ ನಿರ್ಣಾಯಕ ಮತದಿಂದ ಅಜಿತ್ ವಾಡೇಕರ್ ನಾಯಕರಾದರು. ವೆಸ್ಟ್ ಇಂಡೀಸಿಗೆ ಹೋದ ಆ ತಂಡವನ್ನು ಗಮನಿಸಿ. 21 ವರ್ಷದ ಸುನಿಲ್ ಗವಾಸ್ಕರ್ ಮೊದಲ ಸರಣಿಯಲ್ಲೇ ನಾಲ್ಕು ಟೆಸ್ಟುಗಳಿಂದ 774 ಓಟ ಗಳಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅದೇ ಸರಣಿಯಲ್ಲಿ ಹಳಬರಾದ ದಿಲೀಪ್ ಸರ್ದೇಸಾಯಿ 642 ಓಟ ಗಳಿಸಿದರು. ಪೋರ್ಟ್ ಆಫ್ ಸ್ಪೇನಿನಲ್ಲಿ ಸೋಬರ್ಸ್ ಮತ್ತು ಲಾಯ್ಡ್ ವಿಕೆಟ್ ಕಿತ್ತವರು ಇನ್ನೊಬ್ಬ ಹಳಬರಾದ ಸಲೀಂ ದುರಾನಿ. ವೆಸ್ಟ್ ಇಂಡೀಸಿನಲ್ಲಿ ಭಾರತ ಗೆದ್ದ ಮೊದಲ ಸರಣಿ ಅದು. ಎಳೆಯರನ್ನು ತರುವುದೆಂದರೆ ಹಿರಿಯರನ್ನು ಒಟ್ಟಿಗೆ ಗುಡಿಸಿ ಹಾಕುವುದಲ್ಲ ಎಂಬ ಪಾಠವೂ ಅಲ್ಲಿಯೇ ಇದೆ. ಅದೇ ವರ್ಷ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ಓಟಕ್ಕೆ 6 ವಿಕೆಟ್ ಪಡೆದು ಇಂಗ್ಲೆಂಡಿನಲ್ಲೂ ಸರಣಿ ಗೆಲ್ಲಿಸಿದರು.

ಆದರೆ ಗೆಲುವು ಬಂದ ಮೇಲೆ ಬಾಗಿಲುಗಳು ಮೆಲ್ಲನೆ ಮುಚ್ಚಿಕೊಳ್ಳುತ್ತವೆ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ನರುಗಳಂಥವರು ಮತ್ತೆ ಹುಟ್ಟಲಿಲ್ಲ ಎನ್ನುವುದು ನಿಜ. ಇಬ್ಬರು ನಮ್ಮವರೇ ಎಂಬ ಹೆಮ್ಮೆಯೂ ಇದೆ. ಆದರೆ ಅವರ ಕಾಲದಲ್ಲಿ ಅವರ ಹಿಂದೆ ನಿಂತವರ ಗತಿ ಏನಾಯಿತು? ರಣಜಿಯಲ್ಲಿ ರಾಶಿ ರಾಶಿ ವಿಕೆಟ್ ಪಡೆದ ರಾಜಿಂದರ್ ಗೋಯಲ್, ಪದ್ಮಾಕರ ಶಿವಾಲ್ಕರ್ ಇಬ್ಬರೂ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಬೇಡಿಯವರ ನಂತರ ಆ ಜಾಗಕ್ಕೆ ಬಂದ ದಿಲೀಪ್ ದೋಷಿಗೆ 1979ರಲ್ಲಿ ಮೊದಲ ಟೆಸ್ಟ್ ಸಿಕ್ಕಾಗ ವಯಸ್ಸು 31. ಅಷ್ಟು ತಡವಾಗಿ ಬಂದೂ ಅವರು 33 ಟೆಸ್ಟುಗಳಲ್ಲಿ 114 ವಿಕೆಟ್ ಪಡೆದರು. ಐದು ವರ್ಷ ಮೊದಲೇ ಬಾಗಿಲು ತೆರೆದಿದ್ದರೆ ಎಂದು ಯೋಚಿಸದೆ ಇರಲಾಗುವುದಿಲ್ಲ.

ಕೋಟೆ ಕುಸಿದದ್ದು, ಕೋಟೆ ಉಳಿದದ್ದು

ಚರಿತ್ರೆಯಲ್ಲಿ ಸಾಮ್ರಾಜ್ಯಗಳ ಏಳುಬೀಳು ಪಾಠ ಮಾಡುವಾಗ ನಾನು ಮಕ್ಕಳಿಗೆ ವೆಸ್ಟ್ ಇಂಡೀಸ್ ಕ್ರಿಕೆಟ್ಟಿನ ಉದಾಹರಣೆ ಕೊಡುತ್ತಿದ್ದೆ. 1980ರಲ್ಲಿ ನ್ಯೂಜಿಲೆಂಡಿನಲ್ಲಿ ಸೋತ ಮೇಲೆ 1995ರವರೆಗೆ, ಅಂದರೆ ಹದಿನೈದು ವರ್ಷ, ಅವರು ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ. 1991ರಲ್ಲಿ ರಿಚರ್ಡ್ಸ್, ಗ್ರೀನಿಜ್, ದುಜೋನ್, ಮಾರ್ಷಲ್ ನಾಲ್ವರೂ ತಮ್ಮ ಕೊನೆಯ ಟೆಸ್ಟ್ ಆಡಿದರು. ಒಂದೇ ವರ್ಷದಲ್ಲಿ ನಾಲ್ಕು ಕಂಬಗಳು ಹೋದವು. ಆಮೇಲೆ ಏನಾಯಿತೆಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ವೇಗದ ಬೌಲಿಂಗ್ ಕೂಡಲೇ ಕುಸಿಯಲಿಲ್ಲ. ಏಕೆಂದರೆ ವಾಲ್ಶ್ 1984ರಲ್ಲಿ, ಆಂಬ್ರೋಸ್ 1988ರಲ್ಲಿ, ಅಂದರೆ ಮಾರ್ಷಲ್ ಇನ್ನೂ ಇದ್ದಾಗಲೇ ತಂಡಕ್ಕೆ ಬಂದಿದ್ದರು. ಹಿರಿಯರ ಜೊತೆ ಬೌಲ್ ಮಾಡುತ್ತಾ ಕಲಿತಿದ್ದರು. ಬ್ಯಾಟಿಂಗಿನಲ್ಲಿ ಮಾತ್ರ ಭಾರವೆಲ್ಲ ಬರಬರುತ್ತಾ ಲಾರಾ ಒಬ್ಬರ ಹೆಗಲಿಗೆ ಬಿತ್ತು. 1995ರಲ್ಲಿ ಜಮೈಕಾದಲ್ಲಿ ಸ್ಟೀವ್ ವಾ 200 ಓಟ ಗಳಿಸಿದಾಗ ಕೋಟೆಯ ಬಾಗಿಲು ಮುರಿಯಿತು. 2000 ಮತ್ತು 2001ರಲ್ಲಿ ಆಂಬ್ರೋಸ್, ವಾಲ್ಶ್ ಕೂಡ ಹೊರಟರು. ಅವರ ಹಿಂದೆ ಅವರಂತೆ ಪಳಗಿದವರು ಇರಲಿಲ್ಲ. ಎಲ್ಲಿ ಹೊಸಬ ಹಳಬನ ಜೊತೆ ಆಡಿ ಬೆಳೆದನೋ ಅಲ್ಲಿ ಗೋಡೆ ಇನ್ನೂ ಹತ್ತು ವರ್ಷ ನಿಂತಿತು. ಎಲ್ಲಿ ಹಳಬ ಹೋದ ಮೇಲೆ ಹೊಸಬನನ್ನು ಹುಡುಕಿದರೋ ಅಲ್ಲಿ ಬಿತ್ತು.

ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. ಆ ದಾರಿಗೆ ಬೆಲೆಯೂ ಇತ್ತು. 119 ಟೆಸ್ಟ್ ಆಡಿದ್ದ ವಿಕೆಟ್ ಕೀಪರ್ ಇಯಾನ್ ಹೀಲಿ ತಮ್ಮ ತವರು ಬ್ರಿಸ್ಬೇನಿನಲ್ಲಿ ಒಂದು ಕೊನೆಯ ಟೆಸ್ಟ್ ಆಡಿ ನಿವೃತ್ತರಾಗಲು ಬಯಸಿದ್ದರು. ಆಯ್ಕೆಗಾರರು ಒಪ್ಪಲಿಲ್ಲ. 1999ರ ನವೆಂಬರಿನಲ್ಲಿ ಅದೇ ಬ್ರಿಸ್ಬೇನಿನಲ್ಲಿ ಆಡಂ ಗಿಲ್‌ಕ್ರಿಸ್ಟ್ ಮೊದಲ ಟೆಸ್ಟ್ ಆಡಿದರು. ಮುಂದಿನ ಪಂದ್ಯ ಹೋಬರ್ಟಿನಲ್ಲಿ. ಪಾಕಿಸ್ತಾನ ಒಡ್ಡಿದ ಗುರಿ 369. ಆಸ್ಟ್ರೇಲಿಯಾ 126ಕ್ಕೆ 5. ಅಲ್ಲಿಂದ ಲ್ಯಾಂಗರ್ ಜೊತೆ ಸೇರಿ ಗಿಲ್‌ಕ್ರಿಸ್ಟ್ ಔಟಾಗದೆ 149 ಹೊಡೆದು ಗೆಲ್ಲಿಸಿದರು. ಆಸ್ಟ್ರೇಲಿಯಾ ಆಗ ಸತತ 16 ಟೆಸ್ಟ್ ಗೆದ್ದ ಓಟದ ಆರಂಭದಲ್ಲಿತ್ತು. ಆಯ್ಕೆಗಾರರು ಸೋತು ಬದಲಾಯಿಸಲಿಲ್ಲ, ಗೆಲ್ಲುತ್ತಿರುವಾಗಲೇ ಬದಲಾಯಿಸಿದರು. ಹೀಲಿಯವರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊಸಬನಿಗೆ ಒಂದು ಜಾಗ ಎಂದರೆ ಯಾವನೋ ಹಳಬನ ಜಾಗ. ಆ ಲೆಕ್ಕವನ್ನು ಮುಚ್ಚಿಟ್ಟು ಮಾತಾಡಬಾರದು. ಅಂಥ ಆಸ್ಟ್ರೇಲಿಯಾಕ್ಕೂ ಎಲ್ಲ ಕಾಲದಲ್ಲೂ ಇದು ಸಾಧ್ಯವಾಗಲಿಲ್ಲ. 2007ರ ಜನವರಿಯಲ್ಲಿ ವಾರ್ನ್, ಮೆಕ್‌ಗ್ರಾ, ಲ್ಯಾಂಗರ್ ಒಂದೇ ಪಂದ್ಯದಲ್ಲಿ ವಿದಾಯ ಹೇಳಿದರು. ಅವರ ಜಾಗ ತುಂಬಲಾಗದೆ ನಾಲ್ಕು ವರ್ಷಗಳಲ್ಲಿ ತಮ್ಮ ನೆಲದಲ್ಲೇ ಇಂಗ್ಲೆಂಡಿಗೆ ಸರಣಿ ಒಪ್ಪಿಸಿದರು.

ಇಪ್ಪತ್ತರ ಹುಡುಗ, ಹತ್ತೊಂಬತ್ತರ ಹುಡುಗ

ಆಸ್ಟ್ರೇಲಿಯಾದ ಆ 16 ಗೆಲುವುಗಳ ಓಟ ನಿಂತದ್ದು 2001ರ ಮಾರ್ಚಿನಲ್ಲಿ, ಕೋಲ್ಕತ್ತದಲ್ಲಿ. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಬರೀ ಓಟಗಳಿಂದ ಟೆಸ್ಟ್ ಗೆಲ್ಲಲಾಗದು. ಇಪ್ಪತ್ತು ವಿಕೆಟ್ ಬೇಕು. ನಮ್ಮ ಅನಿಲ್ ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು. ನಾಯಕ ಗಂಗೂಲಿ ನೆಚ್ಚಿಕೊಂಡದ್ದು ತಂಡದಿಂದ ಹೊರಬಿದ್ದಿದ್ದ ಇಪ್ಪತ್ತು ವರ್ಷದ ಹರಭಜನ್ ಸಿಂಗ್ ಎಂಬ ಹುಡುಗನನ್ನು. ಆ ಒಂದು ಟೆಸ್ಟಿನಲ್ಲಿ 13, ಮೂರು ಟೆಸ್ಟುಗಳಲ್ಲಿ 32 ವಿಕೆಟ್. ಏಳು ವರ್ಷಗಳ ನಂತರ ಆಸ್ಟ್ರೇಲಿಯಾ ಮತ್ತೆ ಸತತ 16 ಟೆಸ್ಟ್ ಗೆದ್ದಿತು. 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಅದನ್ನೂ ನಿಲ್ಲಿಸಿದ್ದು ಭಾರತವೇ. ಈ ಸಲ ನಾಯಕರು ಕುಂಬ್ಳೆ. ಹತ್ತೊಂಬತ್ತು ವರ್ಷದ ಇಶಾಂತ್ ಶರ್ಮ ಒಂದೇ ತುದಿಯಿಂದ ಓವರಿನ ಮೇಲೆ ಓವರು ಹಾಕಿ ಪಾಂಟಿಂಗ್ ಅವರನ್ನು ಕಾಡುತ್ತಿದ್ದ. ದಣಿದ ಹುಡುಗನ ಕೈಗೆ ಕುಂಬ್ಳೆ ಇನ್ನೂ ಒಂದು ಓವರ್ ಕೊಟ್ಟರು. ಆ ಓವರಿನಲ್ಲಿ ಪಾಂಟಿಂಗ್ ಬ್ಯಾಟಿನ ಅಂಚು ತಗುಲಿದ ಚೆಂಡು ಸ್ಲಿಪ್‌ನಲ್ಲಿ ದ್ರಾವಿಡ್ ಕೈ ಸೇರಿತು. ದೆಹಲಿಯ ಹುಡುಗನ ಎಸೆತ, ಬೆಂಗಳೂರಿನ ಹಿರಿಯನ ನಂಬಿಕೆ, ಬೆಂಗಳೂರಿನ ಇನ್ನೊಬ್ಬ ಹಿರಿಯನ ಕ್ಯಾಚು. ‘ಇನ್ನೊಂದು ಓವರ್’ ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು!

ಆ ಹೊತ್ತಿನಲ್ಲಿ ಇನ್ನೊಂದು ಘಟನೆಯೂ ನಡೆಯಿತು. 2007ರಲ್ಲಿ ದ್ರಾವಿಡ್ ನಾಯಕತ್ವದಲ್ಲಿ ಭಾರತ ಇಂಗ್ಲೆಂಡಿನಲ್ಲಿ 1986ರ ನಂತರ ಮೊದಲ ಬಾರಿ ಟೆಸ್ಟ್ ಸರಣಿ ಗೆದ್ದಿತ್ತು. ಆದರೂ ಸೆಪ್ಟೆಂಬರಿನ ಮೊದಲ ಟಿ20 ವಿಶ್ವಕಪ್ಪಿನಿಂದ ದ್ರಾವಿಡ್, ಸಚಿನ್, ಗಂಗೂಲಿ ಮೂವರೂ ದೂರ ಉಳಿದು ಎಳೆಯರಿಗೆ ಜಾಗ ಬಿಟ್ಟರು. ಧೋನಿ ನಾಯಕರಾದರು. ಪಾಕಿಸ್ತಾನದ ವಿರುದ್ಧ ಟೈ ಆದ ಡರ್ಬನ್ ಪಂದ್ಯದಲ್ಲಿ ನಮ್ಮ ರಾಬಿನ್ ಉತ್ತಪ್ಪ ಅರ್ಧಶತಕ ಹೊಡೆದರು. ಇಪ್ಪತ್ತು ವರ್ಷದ ರೋಹಿತ್ ಶರ್ಮ ಫೈನಲ್ಲಿನಲ್ಲಿ 16 ಎಸೆತಗಳಿಗೆ ಔಟಾಗದೆ 30 ಗಳಿಸಿದರು. 5 ಓಟಗಳಿಂದ ಕಪ್ಪು ನಮ್ಮದಾಯಿತು. ಮರುವರ್ಷ ಆಸ್ಟ್ರೇಲಿಯಾದ ಏಕದಿನ ಸರಣಿಗೆ ದ್ರಾವಿಡ್, ಗಂಗೂಲಿ ಇಬ್ಬರನ್ನೂ ಬಿಟ್ಟಾಗ ನನಗೂ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಆದರೆ ಸಿಡ್ನಿಯ ಮೊದಲ ಫೈನಲ್ಲಿನಲ್ಲಿ ಸಚಿನ್ ಔಟಾಗದೆ 117 ಗಳಿಸುವಾಗ ಎದುರು ತುದಿಯಲ್ಲಿ ನಿಂತು 66 ಗಳಿಸಿದ್ದು ಅದೇ ರೋಹಿತ್. ಆ ಸರಣಿಯನ್ನೂ ಭಾರತ ಗೆದ್ದಿತು. ಒಬ್ಬ ಹಿರಿಯ ಒಂದು ತುದಿ ಹಿಡಿದಿದ್ದಾಗ ಒಬ್ಬ ಕಿರಿಯ ಇನ್ನೊಂದು ತುದಿಯಲ್ಲಿ ಕಲಿಯುವುದು, ಇದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ.

ಎದ್ದು ಹೋಗದೆ ಜಾಗ ಬಿಡುವುದು

ಜಾಗ ಬಿಡಲು ಎದ್ದೇ ಹೋಗಬೇಕೆಂದಿಲ್ಲ, ಸ್ವಲ್ಪ ಸರಿದು ಕೂತರೂ ಸಾಕು. ಬಸ್ಸಿನಲ್ಲಿ ನಾವು ಮಾಡುವುದೂ ಅದನ್ನೇ. 2002ರ ಸುಮಾರಿಗೆ ಭಾರತದ ಏಕದಿನ ತಂಡದಲ್ಲಿ ಕೈಫ್, ಯುವರಾಜ್ ಇಬ್ಬರನ್ನೂ ಆಡಿಸಬೇಕೆಂದರೆ ಒಂದು ಜಾಗ ಕಡಿಮೆ ಬೀಳುತ್ತಿತ್ತು. ಆಗ ದ್ರಾವಿಡ್ ವಿಕೆಟ್ ಕೀಪಿಂಗ್ ಕೈಗವಸು ಹಾಕಿಕೊಂಡರು. ಆ ಕೆಲಸ ಅವರ ಮುಖ್ಯ ಕಸುಬಲ್ಲ. ಐವತ್ತು ಓವರ್ ಕೂತು ಎದ್ದು ಮಾಡಿ, ಆಮೇಲೆ ಬ್ಯಾಟಿಂಗನ್ನೂ ಮಾಡಬೇಕು. ಹಾಗೆ ಉಳಿದ ಒಂದು ಜಾಗದಲ್ಲಿ ಒಬ್ಬ ಹೆಚ್ಚಿನ ಬ್ಯಾಟ್ಸ್‌ಮನ್ ಬಂದ. 2002ರ ಜುಲೈ 13ರಂದು ಲಾರ್ಡ್ಸ್‌ನಲ್ಲಿ ಗುರಿ 326. ಭಾರತ 146ಕ್ಕೆ 5. ಸಚಿನ್ ಔಟಾದ ಮೇಲೆ ಎಷ್ಟೋ ಮನೆಗಳಲ್ಲಿ ಟಿವಿ ಆರಿಸಿದರಂತೆ. ನಮ್ಮ ಮನೆಯಲ್ಲೂ ಆರಿಸಿದೆವು. ಯುವರಾಜ್ 69, ಕೈಫ್ ಔಟಾಗದೆ 87. ಆ ಗೆಲುವಿನ ಚಿತ್ರದಲ್ಲಿ ಗಂಗೂಲಿ ಅಂಗಿ ಬೀಸುವುದು ಕಾಣುತ್ತದೆ. ದ್ರಾವಿಡ್ ಹಾಕಿಕೊಂಡ ಕೈಗವಸು ಕಾಣುವುದಿಲ್ಲ. ಆದರೆ ಕೈಫ್, ಯುವರಾಜ್ ಇಬ್ಬರೂ ಕೂಡಿ ಆಡಲು ಅದೂ ಒಂದು ಕಾರಣ.

ಆಟ ಬಿಟ್ಟ ಮೇಲೂ ಅವರು ಅದೇ ಕೆಲಸ ಮುಂದುವರಿಸಿದರು. 2015ರಿಂದ ಭಾರತ ಎ ಹಾಗೂ 19 ವರ್ಷದೊಳಗಿನವರ ತಂಡಗಳ ತರಬೇತುದಾರರಾದರು. ತಾವು ಚಿಕ್ಕವರಿದ್ದಾಗ ಪ್ರವಾಸಕ್ಕೆ ಹೋಗಿ, ಆಡದೆ ಬರೀ ಕೂತು ಮರಳಿದ ಬೇಸರ ಅವರಿಗೆ ಗೊತ್ತಿತ್ತು. ಹಾಗಾಗಿ ಎ ತಂಡದೊಂದಿಗೆ ಹೋದ ಯಾವ ಆಟಗಾರನೂ ಪಂದ್ಯವಾಡದೆ ವಾಪಸಾಗಬಾರದೆಂದು ನಿಯಮ ಮಾಡಿಕೊಂಡರು. 19ರೊಳಗಿನ ವಿಶ್ವಕಪ್ಪನ್ನು ಒಬ್ಬ ಹುಡುಗ ಒಂದೇ ಸಲ ಆಡಬೇಕು, ಮುಂದಿನ ಸಲ ಆ ಜಾಗ ಇನ್ನೊಬ್ಬನಿಗೆ ಎಂಬ ನೀತಿಯೂ ಅವರ ಕಾಲದಲ್ಲೇ ಬಂತು. ಇದನ್ನು ಓದಿದ ದಿನ ನನಗೆ ಬಿಂದಿಗೆ ಹೊತ್ತ ಹುಡುಗನ ಮುಖ ಮತ್ತೆ ಕಣ್ಣ ಮುಂದೆ ಬಂತು. ನನಗೆ ಹೊಳೆಯದಿದ್ದದ್ದು ಅವರಿಗೆ ಹೊಳೆದಿತ್ತು. ಏಕೆಂದರೆ ಅವರು ಒಮ್ಮೆ ಆ ಹುಡುಗನ ಜಾಗದಲ್ಲಿ ಕೂತಿದ್ದರು.

ಅದರ ಫಲ 2021ರ ಜನವರಿಯಲ್ಲಿ ಕಂಡಿತು. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆಗಿದ್ದ ಭಾರತ, ಕೊಹ್ಲಿ ಮನೆಗೆ ಮರಳಿದ ಮೇಲೆ ರಹಾನೆ ನಾಯಕತ್ವದಲ್ಲಿ ಮೆಲ್ಬರ್ನ್ ಗೆದ್ದು ಬ್ರಿಸ್ಬೇನ್ ತಲುಪಿದಾಗ ಮುಖ್ಯ ಬೌಲರುಗಳೆಲ್ಲ ಗಾಯಾಳುಗಳು. ನೆಟ್ಸ್‌ನಲ್ಲಿ ಬೌಲ್ ಮಾಡಲೆಂದು ಪ್ರವಾಸಕ್ಕೆ ಹೋಗಿದ್ದ ನಟರಾಜನ್, ವಾಷಿಂಗ್ಟನ್ ಸುಂದರ್ ಅಲ್ಲಿ ಮೊದಲ ಟೆಸ್ಟ್ ಆಡಿದರು. ಪ್ರವಾಸದ ನಡುವೆ ತಂದೆಯನ್ನು ಕಳೆದುಕೊಂಡಿದ್ದ ಸಿರಾಜ್ 5 ವಿಕೆಟ್ ಪಡೆದರು. ಗಿಲ್ 91, ಪಂತ್ ಔಟಾಗದೆ 89. ನಡುವೆ ಹಿರಿಯ ಪೂಜಾರ ಮೈತುಂಬ ಏಟು ತಿಂದು 56 ಗಳಿಸಿದರು. 1988ರಿಂದ ಆಸ್ಟ್ರೇಲಿಯಾ ಸೋಲದಿದ್ದ ಮೈದಾನದಲ್ಲಿ ಭಾರತ 328 ಓಟ ಬೆನ್ನಟ್ಟಿ ಗೆದ್ದಿತು. ಗಿಲ್, ಪಂತ್, ಸಿರಾಜ್, ವಾಷಿಂಗ್ಟನ್ ನಾಲ್ವರೂ ದ್ರಾವಿಡ್ ಅವರ ಕೈಕೆಳಗೆ ಎಳೆಯರ ತಂಡದಲ್ಲೋ ಎ ತಂಡದಲ್ಲೋ ಆಡಿದವರು. ಜನ ಹೊಗಳಿದಾಗ, ಆ ಶ್ರೇಯಸ್ಸು ಹುಡುಗರದ್ದು, ತನ್ನದಲ್ಲ ಎಂದು ಅವರು ಸುಮ್ಮನಾದರು.

ಎಷ್ಟು ದಿನದ ಅವಕಾಶ?

ಅವಕಾಶ ಕೊಟ್ಟೆವು ಎಂದು ಹೇಳಿಕೊಳ್ಳುವುದು ಸುಲಭ. ಎಷ್ಟು ದಿನ ಕೊಟ್ಟೆವು ಎಂಬುದೂ ಮುಖ್ಯ. ಸ್ಟೀವ್ ವಾ ಇಪ್ಪತ್ತರ ವಯಸ್ಸಿನಲ್ಲಿ ಟೆಸ್ಟ್ ಆಡತೊಡಗಿದರು. ಮೊದಲ ಶತಕ ಬಂದದ್ದು 27ನೆಯ ಟೆಸ್ಟಿನಲ್ಲಿ. ಅಷ್ಟು ದಿನ ಕಾದದ್ದಕ್ಕೆ ಆಸ್ಟ್ರೇಲಿಯಾಕ್ಕೆ ಒಬ್ಬ ಮಹಾ ನಾಯಕ ಸಿಕ್ಕಿದ. ನಮ್ಮ ಕಡೆ ಲಕ್ಷ್ಮಣ್ ಶಿವರಾಮಕೃಷ್ಣನ್ 17ರ ಹರೆಯದಲ್ಲಿ ಟೆಸ್ಟ್ ಆಡಿ, 1984ರಲ್ಲಿ ಇಂಗ್ಲೆಂಡ್ ವಿರುದ್ಧ ಮುಂಬಯಿ ಟೆಸ್ಟಿನಲ್ಲಿ 12 ವಿಕೆಟ್ ಪಡೆದರು. ಆದರೆ ಒಟ್ಟು ಆಡಿದ್ದು 9 ಟೆಸ್ಟ್ ಮಾತ್ರ. ಕರ್ನಾಟಕದ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಔಟಾಗದೆ 303 ಹೊಡೆದರು. ಸೆಹವಾಗ್ ಬಿಟ್ಟರೆ ಭಾರತದ ಪರ ತ್ರಿಶತಕ ಹೊಡೆದ ಇನ್ನೊಬ್ಬರು ಅವರೇ. ಭಾರತ ಆಡಿದ ಮುಂದಿನ ಟೆಸ್ಟಿನಲ್ಲಿ ಅವರಿಗೆ ಜಾಗ ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿದ್ದರು. ಗೆಲ್ಲುವ ತಂಡಕ್ಕೆ ಅದು ನ್ಯಾಯವೇ ಇರಬಹುದು, ಗಾಯಾಳುವಿನ ಜಾಗ ಅವನಿಗೇ ಸಲ್ಲಬೇಕಲ್ಲ. ಆದರೆ ಮುಂದೆ ಕೆಲವು ಟೆಸ್ಟ್ ಆಡಿದ ಮೇಲೆ ಕರುಣ್ ಹೊರಬಿದ್ದರು. ಮತ್ತೆ ಟೆಸ್ಟ್ ಆಡಲು ಅವಕಾಶ ಸಿಕ್ಕಿದ್ದು 2025ರಲ್ಲಿ. ಎರಡೂ ಕಡೆಯ ಮಾತು ಕೇಳಿದ ಮೇಲೂ ನನ್ನ ಮನಸ್ಸು ಹುಡುಗನ ಕಡೆಗೇ ವಾಲುತ್ತದೆ.

ಕೊನೆಯದಾಗಿ ನಮ್ಮ ಬೆಂಗಳೂರಿನ ಮಾತು. 2013ರಿಂದ ಭಾರತ ತನ್ನ ನೆಲದಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದಿತ್ತು. 2024ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್ ಆಯಿತು. ಆ ಪಂದ್ಯದಲ್ಲಿ ನ್ಯೂಜಿಲೆಂಡಿಗೆ 134 ಓಟ ಗಳಿಸಿಕೊಟ್ಟ ರಚಿನ್ ರವೀಂದ್ರನಿಗೆ 24 ವರ್ಷ. ಅವನ ತಂದೆ ತಾಯಿ ಬೆಂಗಳೂರಿನವರು. ಮೂರೂ ಟೆಸ್ಟ್ ಸೋತೆವು. ಮರುವರ್ಷ ಮೇ ತಿಂಗಳಲ್ಲಿ ರೋಹಿತ್, ಕೊಹ್ಲಿ ಇಬ್ಬರೂ ಟೆಸ್ಟ್ ಬಿಟ್ಟರು. 25 ವರ್ಷದ ಗಿಲ್ ನಾಯಕರಾಗಿ ಇಂಗ್ಲೆಂಡಿಗೆ ಹೋದರು. ತಂಡ ಮುಳುಗುತ್ತದೆ ಎಂದವರೇ ಹೆಚ್ಚು. ಓವಲ್‌ನಲ್ಲಿ 6 ಓಟಗಳಿಂದ ಗೆದ್ದು ಸರಣಿಯನ್ನು 2-2ರಲ್ಲಿ ಸಮ ಮಾಡಿಕೊಂಡು ಬಂದರು. ಬ್ರಿಸ್ಬೇನಿನಲ್ಲಿ 91 ಹೊಡೆದ ಹುಡುಗ ನಾಯಕ, ಬ್ರಿಸ್ಬೇನಿನಲ್ಲಿ 5 ವಿಕೆಟ್ ಪಡೆದ ಹುಡುಗ ಸಿರಾಜ್ ಮುಖ್ಯ ಬೌಲರ್. ನಾಲ್ಕು ವರ್ಷ ಹಿಂದೆ ಬಿತ್ತಿದ್ದು ಬರಗಾಲದಲ್ಲಿ ಕೈಗೆ ಬಂತು.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ಹೊಸಬನಿಗೆ ಜಾಗ ಕೊಡಲು ಸೋಲಿನ ತನಕ ಕಾಯಬಾರದು. ಸೋತ ತಂಡದಲ್ಲಿ ಅವನ ಪಕ್ಕ ನಿಂತು ಕಲಿಸುವವರೇ ಇರುವುದಿಲ್ಲ. ಹಳಬರನ್ನು ಒಟ್ಟಿಗೆ ಕಳಿಸಬಾರದು. ಒಬ್ಬರು ಒಂದು ತುದಿ ಹಿಡಿದಿರಬೇಕು. ಕೊಟ್ಟ ಅವಕಾಶವನ್ನು ಒಂದು ಸೊನ್ನೆಗೆ ಕಿತ್ತುಕೊಳ್ಳಬಾರದು. ‘ಗೆಲ್ಲುವ ತಂಡವನ್ನು ಮುಟ್ಟಬಾರದು’ ಎಂಬ ನನ್ನ ಮಾತು ಪೂರ್ತಿ ತಪ್ಪಲ್ಲ, ಅರ್ಧ ಸತ್ಯ. ಇವತ್ತಿನ ಪಂದ್ಯಕ್ಕೆ ಅದು ಸರಿ, ಮುಂದಿನ ವರ್ಷದ ಪಂದ್ಯಕ್ಕೆ ತಪ್ಪು. ಶಾಲೆ ಎಂಬುದು ಪ್ರತಿ ವರ್ಷವೂ ಹತ್ತನೇ ತರಗತಿಯನ್ನು ಕಳಿಸಿಕೊಡುವ ಮನೆ. ಮುಂದಿನ ವರ್ಷದ ಲೆಕ್ಕ ಇಡದ ಮೇಷ್ಟ್ರು ಮೇಷ್ಟ್ರೇ ಅಲ್ಲ.

ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ಮಕ್ಕಳಿಗೂ ಒಂದು ಕ್ರಿಕೆಟ್ ಪಂದ್ಯ ಏರ್ಪಡಿಸುತ್ತಿದ್ದಾರೆ. ಅದರ ಹೊಣೆ ಹೊತ್ತವನು ಅಂದು ಸ್ಕೋರು ಬರೆದ ಅದೇ ಹುಡುಗ. ಈಗ ಅವನ ಕೂದಲೂ ನರೆಯುತ್ತಿದೆ; ಅವನ ಮಗಳು ಇದೇ ಶಾಲೆಯ ಎಂಟನೇ ತರಗತಿಯಲ್ಲಿದ್ದಾಳೆ. ಹೋದ ವಾರ ಪೂರ್ವಸಿದ್ಧತಾ ಸಭೆಯ ನಂತರ ಮಕ್ಕಳ ತಂಡದ ಪಟ್ಟಿಯನ್ನು ನನಗೆ ತೋರಿಸಿದ. ಹತ್ತನೇ ತರಗತಿಯ ಆರು, ಒಂಬತ್ತನೆಯ ಮೂವರು, ಎಂಟನೆಯ ಇಬ್ಬರು. ‘ಎಂಟನೇ ಕ್ಲಾಸಿನವರು ಚಿಕ್ಕವರಾಗಲ್ವೇನಪ್ಪ?’ ಎಂದೆ. ‘ಆಗ್ತಾರೆ ಸಾರ್. ಮೊದಲನೇ ಓವರೇ ಅವರದ್ದು’ ಅಂದ, ನಕ್ಕು.

ಆ ಓವರಿನಲ್ಲಿ ಮೂರಲ್ಲ, ಆರು ವೈಡ್ ಬಿದ್ದರೂ ನಾನು ಚಪ್ಪಾಳೆ ತಟ್ಟುತ್ತೇನೆ. ಸ್ಕೋರು ಬರೆಯುವ ಕೆಲಸವನ್ನು ಈ ಸಲ ನನಗೇ ಕೊಡಬೇಕೆಂದು ಕೇಳಿಕೊಂಡಿದ್ದೇನೆ. ಬಿಂದಿಗೆಯೂ ನಾನೇ ತರುತ್ತೇನೆ.